ಪಂಚೋದುಂಬರ ವಿಚಾರ: ಸಸ್ಯಾಹಾರದೊಳಗಿನ ವರ್ಜ್ಯಾವರ್ಜ್ಯ

ಬೆಂಗಳೂರಿನಿಂದ ಮೈಸೂರಿನ ದಾರಿ ಹಿಡಿದು ಕೆಂಗೇರಿಯನ್ನು ದಾಟಿ, ರಾಮೋಹಳ್ಳಿಯ ಕಡೆಗೆ ತಿರುಗಿದರೆ ಕೇತೋಹಳ್ಳಿಯಲ್ಲಿ ದೊಡ್ಡ ಆಲದ ಮರವು ಸಿಕ್ಕುತ್ತದೆ. ಸುಮಾರು 400 ವರ್ಷಗಳದೆಂದು ಹೇಳಲಾಗುವ ಈ ಮರವು ಮೂರು ಎಕರೆಯಷ್ಟು ನೆಲವನ್ನು ಆವರಿಸಿದೆ; ಮೂಲಕಾಂಡವು ರೋಗದಿಂದ ನಾಶವಾಗಿ ಬಿಳಲುಗಳೇ ಈಗ ಮರವಾಗಿ ನಿಂತಿವೆ. ಇದರ ಕೆಂಪು ಹಣ್ಣುಗಳು ಹಕ್ಕಿಗಳಿಗೂ ಕೋತಿಗಳಿಗೂ ಆಹಾರ. ನೋಡಲು ಬಂದ ಜನರು ಅವನ್ನು ಬಾಯಿಗಿಡುವುದಿಲ್ಲ. ಹೀಗೆ ಸಾಮಾನ್ಯರು ತಿನ್ನದ ಹಣ್ಣನ್ನು ಜೈನ ಶ್ರಾವಕಾಚಾರ ಗ್ರಂಥಗಳು ಹೆಸರಿಟ್ಟು ನಿಷೇಧಿಸಿವೆ. ಅದೂ ಮದ್ಯಮಾಂಸಗಳ ಸಾಲಿನಲ್ಲಿಯೇ. ಗಿಡದಲ್ಲಿ ಬೆಳೆದದ್ದೆಲ್ಲವೂ ಅಹಿಂಸಕನಿಗೆ ತಿನ್ನಲು ಯೋಗ್ಯವೇ ಎಂಬ ಪ್ರಶ್ನೆ ನಮ್ಮ ನಾಡಿನಲ್ಲಿ ಸಾವಿರ ವರ್ಷಗಳ ಹಿಂದೆಯೇ ಎದ್ದಿತ್ತೆಂಬುದಕ್ಕೆ ಇದೊಂದು ಸಾಕ್ಷಿ.

ಅದೇ ಪ್ರಶ್ನೆಯನ್ನು ಇಂದು ವೀಗನ್ ಎನಿಸಿಕೊಳ್ಳುವವರು ಮತ್ತೆ ಎತ್ತಿದ್ದಾರೆ. ಮಾಂಸ, ಹಾಲು, ಮೊಟ್ಟೆ, ಜೇನು ಮುಂತಾದ ಸಮಸ್ತ ಪ್ರಾಣಿಜನ್ಯ ವಸ್ತುಗಳನ್ನು ತ್ಯಜಿಸುವವರಿಗೆ ಈ ಹೆಸರನ್ನು 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಅವನ ಸಂಗಡಿಗರು ಬಳಕೆಗೆ ತಂದರು. ಅಂಜೂರದೊಳಗೆ ಹುಳು ಸಾಯುತ್ತದೆಯಾದ್ದರಿಂದ ಅದನ್ನು ತಿನ್ನಬಹುದೇ ಬಾರದೇ ಎಂಬುದು ಇವರೊಳಗಿನ ಚರ್ಚೆಗಳಲ್ಲೊಂದು. ಇದನ್ನು ಕಂಡು, ಜೈನರು ಆಗಲೇ ವೀಗನ್ನರಾಗಿದ್ದರೆಂದು ಹೆಮ್ಮೆಪಡುವವರೂ ಉಂಟು. ಈ ಹೆಮ್ಮೆಗೆ ಆಧಾರವೆಷ್ಟೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಶ್ರಾವಕನಿಗೆ, ಎಂದರೆ ಗೃಹಸ್ಥನಿಗೆ, ಎಂಟು ಮೂಲಗುಣಗಳಿರಬೇಕೆಂಬುದು ದಿಗಂಬರ ಸಂಪ್ರದಾಯ. ಈ ಎಂಟು ಯಾವುವೆಂಬಲ್ಲಿ ಮಾತ್ರ ಆಚಾರ್ಯರಲ್ಲಿ ಒಮ್ಮತವಿಲ್ಲ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರನು ಮದ್ಯ, ಮಾಂಸ, ಮಧುಗಳ ತ್ಯಾಗದೊಡನೆ ಅಹಿಂಸೆ, ಸತ್ಯ ಮೊದಲಾದ ಐದು ಅಣುವ್ರತಗಳನ್ನು ಹೇಳುತ್ತಾನೆ. ಅವನಿಗಿಂತ ಬಹು ಈಚಿನ ಸೋಮದೇವಸೂರಿಯು ಯಶಸ್ತಿಲಕ ಚಂಪುವಿನಲ್ಲಿ ಐದು ವ್ರತಗಳ ಸ್ಥಾನದಲ್ಲಿ ಐದು ಹಣ್ಣುಗಳ ತ್ಯಾಗವನ್ನು ಇಡುತ್ತಾನೆ. ಈ ಗ್ರಂಥವು ಮುಗಿದದ್ದು ಶಕ 881ರಲ್ಲಿ, ಅಂದರೆ ಕ್ರಿ.ಶ. 959ರಲ್ಲಿ, ಗಂಗಧಾರೆಯಲ್ಲಿ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಸಾಮಂತರಾದ ವೇಮುಲವಾಡದ ಚಾಲುಕ್ಯರ ಸೀಮೆ ಅದು. ಪಂಪನಿಗೆ ಆಶ್ರಯವಿತ್ತ ಅರಿಕೇಸರಿಯ ಮಗನು ಆಗ ಅಲ್ಲಿ ಆಳುತ್ತಿದ್ದನು. ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಪರಿಸರವು ಅಪರಿಚಿತವಲ್ಲ.

ವ್ರತಗಳಿದ್ದ ಜಾಗಕ್ಕೆ ಹಣ್ಣುಗಳು ಬಂದುದೇಕೆ? ಸುಳ್ಳು ಹೇಳದಿರುವುದು, ಪರಿಗ್ರಹವನ್ನು ಮಿತಿಗೊಳಿಸುವುದು ಜೀವಮಾನವಿಡೀ ನಡೆಯಬೇಕಾದ ಸಾಧನೆ. ಅತ್ತಿಯ ಹಣ್ಣನ್ನು ಬಿಡುವುದಾದರೋ ಒಂದು ದಿನದ ನಿರ್ಧಾರ. ವ್ಯವಸಾಯ, ವ್ಯಾಪಾರ, ಯುದ್ಧಗಳಲ್ಲಿ ತೊಡಗಿದ ದೊಡ್ಡ ಶ್ರಾವಕ ಸಮುದಾಯಕ್ಕೆ ಹೊಸ್ತಿಲಿನಲ್ಲಿಯೇ ದೊರಕುವ ಸುಲಭವಾದ ಗುರುತೊಂದು ಬೇಕಾಗಿದ್ದಿತೆಂದು ನಮಗೆ ತೋರುತ್ತದೆ. ನಡತೆಯಿಂದ ಅಡುಗೆಮನೆಗೆ ಆದ ಈ ಸ್ಥಳಾಂತರವು ಸಾಮಾನ್ಯ ಸಂಗತಿಯಲ್ಲ. ಆದರೂ ಇದು ಒಬ್ಬನು ತನಗೆ ತಾನೇ ವಿಧಿಸಿಕೊಂಡ ನಿಯಮ. ರಾಜಾಜಿನಗರ, ವಿಜಯನಗರಗಳ ಬಾಡಿಗೆ ಮನೆಗಳ ಮುಂದೆ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದು ತೂಗುಹಾಕುವ ಹಲಗೆಗೆ ಮೂಲಗುಣಗಳಲ್ಲಿ ಆಧಾರವನ್ನು ಹುಡುಕುವುದು ವ್ಯರ್ಥ.

ಐದು ಹಣ್ಣುಗಳೆಂದರೆ ಅತ್ತಿ, ಕಾಡತ್ತಿ, ಬಸರಿ, ಆಲ, ಅರಳಿ. ಇಂದಿನ ಸಸ್ಯಶಾಸ್ತ್ರವು ಈ ಐದನ್ನೂ ಒಂದೇ ಕುಲಕ್ಕೆ ಸೇರಿಸುತ್ತದೆ. ನಾವು ಹಣ್ಣೆನ್ನುವುದು ವಾಸ್ತವವಾಗಿ ಒಳಮುಖವಾಗಿ ಅರಳಿದ ನೂರಾರು ಹೂಗಳ ಗೊಂಚಲು. ಕಡಜದ ಜಾತಿಯ ಪುಟ್ಟ ಹೆಣ್ಣು ಹುಳು ಇದರ ತುದಿಯ ಕಿರಿದಾದ ರಂಧ್ರದಲ್ಲಿ ನುಸುಳುವಾಗ ರೆಕ್ಕೆಗಳನ್ನು ಕಳೆದುಕೊಳ್ಳುತ್ತದೆ. ಪರಾಗವನ್ನು ಹರಡಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲಿಯೇ ಸಾಯುತ್ತದೆ. ಮರಿಗಳಲ್ಲಿ ರೆಕ್ಕೆಯಿಲ್ಲದ ಗಂಡುಗಳು ಹೊರದಾರಿಯನ್ನು ಕೊರೆದುಕೊಟ್ಟು ಸಾಯುತ್ತವೆ. ಹೆಣ್ಣುಗಳು ಪರಾಗವನ್ನು ಹೊತ್ತು ಮತ್ತೊಂದು ಕಾಯಿಯನ್ನರಸಿ ಹಾರುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಮತ್ತು ಸಹೋದ್ಯೋಗಿಗಳು ಅತ್ತಿಯ ಮರಕ್ಕೂ ಈ ಹುಳುಗಳಿಗೂ ಇರುವ ಸಂಬಂಧವನ್ನು ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ. ಪರಾಗದ ಮಾತು ಪ್ರಾಚೀನರಿಗೆ ತಿಳಿದಿರಲಿಲ್ಲ. ಅತ್ತಿಹಣ್ಣನ್ನು ಬಿಡಿಸಿದರೆ ಒಳಗೆಲ್ಲ ಹುಳುವೆಂಬುದು ಹಳ್ಳಿಯ ಮಕ್ಕಳಿಗೂ ಗೊತ್ತು. ಆಚಾರ್ಯರು ಹೊರಟದ್ದು ಈ ಅನುಭವದಿಂದಲೇ. ಚಲಿಸುವ ತ್ರಸಜೀವಿಗಳಿಗೆ ಈ ಹಣ್ಣುಗಳು ಹುಟ್ಟುವ ತಾಣ, ಆದುದರಿಂದ ಭಕ್ಷಣೆಯಲ್ಲಿ ಹಿಂಸೆಯುಂಟು ಎಂಬುದು ಅವರ ವಾದ.

ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿಗಳ ನಿಷೇಧವನ್ನು ಇದರೊಡನೆ ಬೆರೆಸಬಾರದು. ಒಂದೇ ಕಂದದಲ್ಲಿ ಅನಂತ ಏಕೇಂದ್ರಿಯ ಜೀವಗಳು ನೆಲೆಸಿವೆಯೆಂಬ ತತ್ತ್ವ ಅಲ್ಲಿನದು. ಕಣ್ಣಿಗೆ ಕಾಣುವ ಹುಳುವಿನ ಮಾತಲ್ಲ. ಆಲೂಗಡ್ಡೆಯಂತೂ ಸಮುದ್ರದಾಚೆಯಿಂದ ಬಹಳ ತಡವಾಗಿ ಬಂದು ಹಳೆಯ ನಿಯಮಕ್ಕೆ ಸಿಕ್ಕಿಬಿದ್ದ ಗೆಡ್ಡೆ.

ಇನ್ನು ಅಂಜೂರ. ಅದೂ ಅತ್ತಿಯ ಕುಲದ್ದೇ. ಪಟ್ಟಿಯ ಕಾಕೋದುಂಬರಕ್ಕೆ, ಎಂದರೆ ಕಾಡತ್ತಿಯ ಸ್ಥಾನಕ್ಕೆ, ಅಂಜೂರವೆಂದೇ ಅರ್ಥ ಹೇಳುವ ವಾಡಿಕೆಯೂ ಇದೆ. ಆದರೆ ಶ್ರೀರಂಗಪಟ್ಟಣದ ಬಳಿಯ ಗಂಜಾಮಿಗೆ ಹೆಸರು ತಂದಂಥ ನಮ್ಮ ದೇಶದ ತೋಟದ ಅಂಜೂರವು ಪರಾಗಸ್ಪರ್ಶವಿಲ್ಲದೆಯೇ ಹಣ್ಣಾಗುವ ಜಾತಿ. ಅದಕ್ಕೆ ಹುಳುವಿನ ಹಂಗಿಲ್ಲ. ತುರ್ಕಿಯ ಸ್ಮಿರ್ನಾ ಜಾತಿಯದು ಹಾಗಲ್ಲ. ಆ ಗಿಡಗಳನ್ನು ಕ್ಯಾಲಿಫೋರ್ನಿಯಾದಲ್ಲಿ ನೆಟ್ಟವರಿಗೆ, 1899ರಲ್ಲಿ ಹುಳುವನ್ನೂ ತರಿಸಿ ನೆಲೆಗೊಳಿಸುವವರೆಗೆ, ಸರಿಯಾದ ಫಸಲು ಕೈಗೆ ಬರಲಿಲ್ಲ. ಆದುದರಿಂದ ಅಂಜೂರವೆಲ್ಲವೂ ವರ್ಜ್ಯವೆಂಬ ಮಾತಾಗಲಿ ಗ್ರಾಹ್ಯವೆಂಬ ಮಾತಾಗಲಿ ನಿಲ್ಲುವುದಿಲ್ಲ; ಯಾವ ತೋಟದ ಅಂಜೂರವೆಂದು ಮೊದಲು ಕೇಳಬೇಕಾಗುತ್ತದೆ.

ಹುಳುವಿಲ್ಲದಿದ್ದರೆ ದೋಷವಿಲ್ಲವೇ? ಈ ಪ್ರಶ್ನೆಗೆ ಹತ್ತನೆಯ ಶತಮಾನದ ಅಮೃತಚಂದ್ರಸೂರಿಯ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಆಶ್ಚರ್ಯಕರವಾದ ಉತ್ತರವಿದೆ. ಕಾಲಕ್ರಮದಲ್ಲಿ ಒಣಗಿ, ಒಳಗಿನ ತ್ರಸಜೀವಿಗಳು ಇಲ್ಲವಾದ ಉದುಂಬರ ಫಲಗಳನ್ನು ತಿಂದರೂ ಹಿಂಸೆಯೇ, ಏಕೆಂದರೆ ಅಲ್ಲಿ ವಿಶೇಷವಾದ ರಾಗವಿದೆ ಎನ್ನುತ್ತಾನೆ ಆತ. ಗೂಡಿನಿಂದ ತಾನಾಗಿ ತೊಟ್ಟಿಕ್ಕಿದ ಜೇನಿನ ವಿಷಯದಲ್ಲಿ ಅವನ ವಾದವು ಇನ್ನೂ ಜೀವಿಗಳ ಲೆಕ್ಕವೇ: ಅದನ್ನು ಆಶ್ರಯಿಸಿದ ಪ್ರಾಣಿಗಳು ಸಾಯುತ್ತವೆ. ಒಣಹಣ್ಣಿನಲ್ಲಿ ಆ ಲೆಕ್ಕ ಮುಗಿದುಹೋಗಿದೆ. ಆಗ ಆತನು ಹಣ್ಣನ್ನು ಬಿಟ್ಟು ತಿನ್ನುವವನ ಕಡೆಗೆ ತಿರುಗುತ್ತಾನೆ. ನಿಷಿದ್ಧವಾದುದನ್ನೇ ಹೇಗಾದರೂ ಮಾಡಿ ತಿನ್ನಬೇಕೆಂದು ದಾರಿ ಹುಡುಕುವ ಆಸೆಯೇ ಅವನಿಗೆ ದೋಷವಾಗಿ ಕಂಡಿರಬೇಕು. ಮೂಲಗುಣಗಳ ಪಟ್ಟಿಗಳನ್ನು ಸಂಗ್ರಹಿಸಿ ಹೇಳುವವರು ಈ ಪದ್ಯವನ್ನು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ನಮ್ಮ ದೃಷ್ಟಿಯಲ್ಲಿ ಇಡೀ ವಿಚಾರದ ಕೀಲು ಇಲ್ಲಿದೆ.

ವೀಗನ್ನರ ಸಂಘವು 1979ರಲ್ಲಿ ರೂಪಿಸಿದ ನಿರ್ವಚನವು ಪ್ರಾಣಿಗಳ ಶೋಷಣೆಯನ್ನೂ ಕ್ರೌರ್ಯವನ್ನೂ ಸಾಧ್ಯವಿದ್ದಷ್ಟು, ಆಚರಣೆಗೆ ನಿಲುಕುವಷ್ಟು ದೂರವಿಡಬೇಕೆನ್ನುತ್ತದೆ. ಅಲ್ಲಿ ಕೇಳುವ ಪ್ರಶ್ನೆ ಪ್ರಾಣಿಗೇನಾಯಿತು ಎಂಬುದು. ಅಮೃತಚಂದ್ರನು ಇದರೊಡನೆ, ನಿನಗೇನಾಯಿತು ಎಂದೂ ಕೇಳುತ್ತಾನೆ. ಹಾಲಿನ ವಿಷಯದಲ್ಲಂತೂ ಈ ಎರಡು ದಾರಿಗಳು ಸಂಪೂರ್ಣವಾಗಿ ಅಗಲುತ್ತವೆ. ಹಸುವಿನಿಂದಲೇ ಬಂದರೂ ಹಾಲು ಶುದ್ಧ, ಮಾಂಸ ಶುದ್ಧವಲ್ಲ. ಹಾವಿನ ರತ್ನವು ವಿಷವನ್ನು ಕಳೆದರೆ ಅದರ ವಿಷವು ಕೊಲ್ಲುವುದಿಲ್ಲವೇ ಎಂದು ಸೋಮದೇವನು ಸಮರ್ಥಿಸುತ್ತಾನೆ. ಹಾಲನ್ನು ಹೀಗೆ ಎತ್ತಿಹಿಡಿದ ಪರಂಪರೆಯನ್ನು ವೀಗನ್ ಎಂದು ಕರೆಯುವುದು ಇತಿಹಾಸಕ್ಕೆ ಬಗೆದ ಅನ್ಯಾಯವೇ ಸರಿ.

ಉದುಂಬರಗಳನ್ನು ನಿಷೇಧಿಸಿದ ಇದೇ ಯಶಸ್ತಿಲಕದ ಕಥಾವಸ್ತು ಯಶೋಧರನದು. 1209ರಲ್ಲಿ ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಜನ್ನನು ಅದನ್ನೇ ಕನ್ನಡದಲ್ಲಿ ಯಶೋಧರ ಚರಿತೆಯಾಗಿ ಬರೆದನು. ದುಃಸ್ವಪ್ನದ ಶಾಂತಿಗೆ ಪ್ರಾಣಿಬಲಿಯಾಗಬೇಕೆನ್ನುವ ತಾಯಿಗೆ ಯಶೋಧರನು ಒಪ್ಪುವುದಿಲ್ಲ. ಕಡೆಗೆ ಹಿಟ್ಟಿನ ಕೋಳಿಯನ್ನು ಕಡಿಯಲು ಒಪ್ಪುತ್ತಾನೆ. ಇಷ್ಟಕ್ಕೇ ತಾಯಿಮಕ್ಕಳಿಬ್ಬರೂ ಪ್ರಾಣಿಜನ್ಮಗಳನ್ನು ಸಾಲಾಗಿ ಅನುಭವಿಸಬೇಕಾಗುತ್ತದೆ. ಅತ್ತಿಯಲ್ಲಿ ಹುಳುವಾದರೂ ಇತ್ತು; ಹಿಟ್ಟಿನಲ್ಲಿ ಏನಿತ್ತು? ಕೊಲ್ಲುವ ಸಂಕಲ್ಪವಿತ್ತು.

ಮಾಂಸದ ರೂಪ, ರುಚಿಗಳನ್ನು ಅನುಕರಿಸಿ ಸೋಯಾ ಮುಂತಾದುವುಗಳಿಂದ ತಯಾರಿಸಿದ ಪದಾರ್ಥಗಳು ಇಂದು ಅಂಗಡಿಗಳಲ್ಲಿ ದೊರೆಯುತ್ತವೆ. ಅವು ಹಿಟ್ಟಿನ ಕೋಳಿಯ ಸಂತತಿಯೇ ಎಂದು ವಿದ್ಯಾರ್ಥಿಗಳು ನಮ್ಮನ್ನು ಕೇಳುವುದುಂಟು. ಅಲ್ಲವೆಂದೇ ನಮ್ಮ ಉತ್ತರ. ಯಶೋಧರನು ಕತ್ತಿಯೆತ್ತಿದ್ದು ದೇವಿಯ ಮುಂದೆ, ವಧೆಯ ಫಲವು ತನಗೆ ಬರಲೆಂಬ ಆಸೆಯಿಂದ. ಸೋಯಾ ತಿನ್ನುವವನು ವಧೆಯ ಫಲವನ್ನು ಬೇಡುತ್ತಿಲ್ಲ. ವಧೆಯಿಂದ ತಪ್ಪಿಸಿಕೊಳ್ಳಲು ನೋಡುತ್ತಿದ್ದಾನೆ. ಆದರೆ ಅವನ ನಾಲಗೆಗೆ ಮಾಂಸದ ರುಚಿಯೇ ಬೇಕೆಂಬುದನ್ನು ಹಿಡಿದು ಅಮೃತಚಂದ್ರನು ಅವನನ್ನು ಒಣ ಅತ್ತಿಯ ಹಣ್ಣು ತಿನ್ನುವವನ ಪಕ್ಕದಲ್ಲಿ ಕೂರಿಸಿಯಾನು.