ಬಡವರ ಕಂಪ್ಯೂಟರ್ ಅಂದ್ರೆ ಬೇರೆ ಲೋಟವೇ?

ಸ್ವಲ್ಪ ಉದ್ದದ ಪೋಸ್ಟ್. ಪುರುಸೊತ್ತು ಮಾಡ್ಕೊಂಡು ಓದಿ.

ಹೋದ ವಾರ ಹಾಸ್ಟೆಲ್ಲಿಂದ ಒಬ್ಬ ಹುಡುಗಿ ಫೋನ್ ಮಾಡಿದ್ಲು. ಎಂ.ಎಸ್ಸಿ. ಮೊದಲ ವರ್ಷ, ಸಂಖ್ಯಾಶಾಸ್ತ್ರ. "ಅಣ್ಣಾ, ಹದಿನೈದು ಸಾವಿರ ಇದೆ. ಅವ್ವ ಸಂಘದಲ್ಲಿ ಸಾಲ ಎತ್ತಿದ್ದಾಳೆ. ಇಷ್ಟಕ್ಕೆ ಲ್ಯಾಪ್‌ಟಾಪ್ ಬರುತ್ತಾ?" ಸ್ಕಾಲರ್‌ಶಿಪ್ ಇನ್ನೂ ಬಂದಿಲ್ಲ. ಅಸೈನ್‌ಮೆಂಟ್ ಎಲ್ಲ ಮೊಬೈಲಲ್ಲೇ ಒತ್ತಿ ಕಳಿಸ್ತಿದ್ದಾಳೆ. ಆದ್ರೆ ಲೆಕ್ಕ ಮಾಡೋ ಸಾಫ್ಟ್‌ವೇರ್ ಮೊಬೈಲಲ್ಲಿ ಸರಿಯಾಗಿ ನಡೆಯಲ್ಲ. ಹೊಸ ಲ್ಯಾಪ್‌ಟಾಪ್ ಅವಳ ದುಡ್ಡಿಗೆ ಎಟುಕಲ್ಲ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ. "ಬರುತ್ತೆ ತಂಗಿ, ಹಳೇದು" ಅಂದೆ. ಫೋನ್ ಇಟ್ಟ ಮೇಲೆ ಯಾಕೋ ಬಾಯೆಲ್ಲ ಕಹಿಯಾಯ್ತು. ಬಡವರಿಗೆ ಕಂಪ್ಯೂಟರ್ ಕೊಡ್ತೀವಿ ಅನ್ನೋ ಮಾತು ನಾನು ಕೇಳೋಕೆ ಶುರುಮಾಡಿ ಇಪ್ಪತ್ತು ವರ್ಷದ ಮೇಲಾಯ್ತು.

ಈ ಕತೆ ಕಂಪ್ಯೂಟರಿಗಿಂತ ಹಳೆಯದು. 1942ರ ಅಕ್ಟೋಬರಿನಲ್ಲಿ ಬಾಬಾಸಾಹೇಬರು ವೈಸರಾಯ್ ಲಿನ್‌ಲಿತ್‌ಗೋ ಅವರಿಗೆ ಒಂದು ಮನವಿ ಕೊಟ್ಟರು. ಆಗ ಅವರು ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಸದಸ್ಯರು. ಬಿ.ಎ., ಲಾ ಓದಿದರಷ್ಟೇ ನಮ್ಮವರು ಮೇಲೆ ಬರಲ್ಲ, ವಿಜ್ಞಾನ ಮತ್ತು ತಾಂತ್ರಿಕ ಶಿಕ್ಷಣ ಸಿಗಬೇಕು, ಅದರ ಖರ್ಚು ನಮ್ಮ ಕೈಲಾಗದ್ದು, ಹಾಗಾಗಿ ಸರ್ಕಾರವೇ ಭರಿಸಬೇಕು ಅನ್ನೋದು ಅವರ ವಾದ. ವಿಜ್ಞಾನ-ತಾಂತ್ರಿಕ ಓದಿಗೆ ವರ್ಷಕ್ಕೆ ಎರಡು ಲಕ್ಷ, ವಿದೇಶದ ಓದಿಗೆ ಒಂದು ಲಕ್ಷ ಕೇಳಿದರು. 1944ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯ್ತು. ಗಮನಿಸಿ, ಅಸ್ಪೃಶ್ಯರಿಗೆ ಅಂತ ಅಗ್ಗದ ಬೇರೆ ವಿಜ್ಞಾನ ಕೊಡಿ ಅಂತ ಅವರು ಕೇಳಲಿಲ್ಲ. ಎಲ್ಲರೂ ಓದೋ ಓದನ್ನೇ ಓದೋಕೆ ದುಡ್ಡು ಕೇಳಿದರು.

ನಮ್ಮ ಕಾಲಕ್ಕೆ ಬಂದಾಗ ಲೆಕ್ಕ ತಲೆಕೆಳಗಾಯ್ತು. ದುಡ್ಡು ಕೊಡೋ ಬದಲು ಬಡವರಿಗೆ ಬೇರೆಯದೇ ಮಷೀನ್ ಮಾಡ್ತೀವಿ ಅಂದ್ರು.

ಮೊದಲನೆಯದು ನಮ್ಮ ಬೆಂಗಳೂರಿನದೇ, ಸಿಂಪ್ಯೂಟರ್. 2001ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೇಷ್ಟ್ರುಗಳು ಮತ್ತು ಇಲ್ಲಿನ ಒಂದು ಸಾಫ್ಟ್‌ವೇರ್ ಕಂಪನಿಯವರು ಸೇರಿ ತೋರಿಸಿದ್ದು. ಅಂಗೈ ಅಗಲ, ಲಿನಕ್ಸ್, ಅಂದಾಜು ಬೆಲೆ ಒಂಬತ್ತು ಸಾವಿರ. ಓದು ಬಾರದವರಿಗೆ ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳ್ತಿತ್ತು. ಆ ಕಾಲಕ್ಕೆ ಅದು ಸಣ್ಣ ಕೆಲಸ ಅಲ್ಲ, ಅವರ ಮನಸ್ಸು ಒಳ್ಳೇದೇ. ಕೊಳ್ಳೋಕೆ ಆಗದವರಿಗೆ ಅಂತ ಇನ್ನೊಂದು ಉಪಾಯವೂ ಇತ್ತು: ಊರಿಗೊಂದು ಮಷೀನ್, ಜನರಿಗೆ ತಲಾ ಒಂದು ಸ್ಮಾರ್ಟ್ ಕಾರ್ಡ್. ಊರಿಗೊಂದು ಮಷೀನ್ ಅಂದ್ರೆ ಅದು ಯಾರ ಮನೆ ಜಗುಲಿ ಮೇಲೆ ಇರುತ್ತೆ ಅಂತ ಅವರು ಯೋಚಿಸಿದ್ರೋ ಇಲ್ವೋ. ಊರ ಬಾವಿನೂ ಊರಿಗೊಂದೇ ಇತ್ತಲ್ಲ. 2004ರಲ್ಲಿ ಅಂಗಡಿಗೆ ಬಂತು, ಕೆಲವೇ ಸಾವಿರ ಮಾರಾಟ ಆಯ್ತು, ಮುಗೀತು.

2009ರ ಫೆಬ್ರವರಿಯಲ್ಲಿ ತಿರುಪತಿ. ಕೇಂದ್ರ ಸರ್ಕಾರದ ಹತ್ತು ಡಾಲರ್ ಲ್ಯಾಪ್‌ಟಾಪ್, ಅಂದ್ರೆ ಐನೂರು ರೂಪಾಯಿಗೆ, ಅಂತ ಪತ್ರಿಕೆಗಳೆಲ್ಲ ಕುಣಿದಾಡಿದವು. ಪರದೆ ಸರಿಸಿದರೆ ಅದು ಲ್ಯಾಪ್‌ಟಾಪೇ ಅಲ್ಲ, ಪಾಠ ತುಂಬಿಟ್ಟುಕೊಳ್ಳೋ ಒಂದು ಡಬ್ಬಿ.

ಆಮೇಲೆ ಆಕಾಶ್. 2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ಕಪಿಲ್ ಸಿಬಲ್ ಬಿಡುಗಡೆ ಮಾಡಿದರು. ಏಳಿಂಚಿನ ಟ್ಯಾಬ್ಲೆಟ್, 256 ಎಂಬಿ ರ್‍ಯಾಮ್, ಸರ್ಕಾರಕ್ಕೆ ಬಿದ್ದ ಬೆಲೆ 2,276 ರೂಪಾಯಿ. ಬೆರಳನ್ನು ಒತ್ತಿ ಒತ್ತಿ ಎಳೆಯಬೇಕಿತ್ತು. ಇದರಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಬರೆಯೋದು ಬಿಡಿ, ಒಂದು ಪುಟ ಟೈಪ್ ಮಾಡಿ ನೋಡಿ. ಆ ಸಚಿವರ ಮಕ್ಕಳು ಇದರಲ್ಲಿ ಓದ್ತಿದ್ರಾ?

ಇದಕ್ಕೆ ಮೂರು ವಾರ ಮೊದಲು, 2011ರ ಸೆಪ್ಟೆಂಬರ್ 15ಕ್ಕೆ, ಪಕ್ಕದ ತಮಿಳುನಾಡಿನಲ್ಲಿ ಜಯಲಲಿತಾ ಏನು ಮಾಡಿದರು ಗೊತ್ತಾ? ಹೊಸ ಮಷೀನ್ ಕಂಡುಹಿಡಿಯೋ ಉಸಾಬರಿಗೇ ಹೋಗಲಿಲ್ಲ. ಅಂಗಡೀಲಿ ಸಿಗೋ ಥರದ ಲ್ಯಾಪ್‌ಟಾಪ್‌ಗಳನ್ನೇ ಟೆಂಡರ್ ಕರೆದು ಲಕ್ಷಗಟ್ಟಲೆ ಕೊಂಡು ಸರ್ಕಾರಿ, ಅನುದಾನಿತ ಶಾಲಾ-ಕಾಲೇಜುಗಳ ಮಕ್ಕಳ ಕೈಗೆ ಪುಕ್ಕಟೆ ಕೊಡೋಕೆ ಶುರುಮಾಡಿದರು. ಓಟಿಗಾಗಿ ಅಂತ ಬೈದವರು ಬಹಳ. ಇರಲಿ ಬಿಡಿ. ಮೇಲ್ಜಾತಿ ಮನೆ ಹುಡುಗನ ಮೇಜಿನ ಮೇಲಿದ್ದಂಥದ್ದೇ ಕೂಲಿಯವಳ ಮಗಳ ಮಡಿಲಿಗೂ ಬಂತು.

ನಮ್ಮಪ್ಪನ ಕಾಲದಲ್ಲಿ ಊರ ಹೋಟೆಲಿನ ಹೊರಗೆ ನಮಗಂತ ಬೇರೆ ಲೋಟ ಇಡ್ತಿದ್ರು. ಟೀ ಅದೇ, ಲೋಟ ಬೇರೆ. ಆಕಾಶ್ ನೋಡಿದಾಗ ನನಗೆ ಆ ಲೋಟ ನೆನಪಾಗಿತ್ತು. ಇಲ್ಲಿ ಟೀನೂ ಬೇರೆ.

ಕರ್ನಾಟಕದಲ್ಲೂ ಕೊಟ್ಟರು. ಮೊದಲು ಸರ್ಕಾರಿ ಪದವಿ ಕಾಲೇಜಿನ ಎಸ್‌ಸಿ, ಎಸ್‌ಟಿ ಮಕ್ಕಳಿಗೆ, 2020ರಲ್ಲಿ ಮೊದಲ ವರ್ಷದ ಪದವಿ ಮಕ್ಕಳಿಗೆ. ಆದ್ರೆ ಈ ವರ್ಷ ಬಂದರೆ ಮುಂದಿನ ವರ್ಷ ಬರುತ್ತೆ ಅಂತ ಗ್ಯಾರಂಟಿ ಇಲ್ಲ. ದುಡ್ಡಿಲ್ವಾ? 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಇದೆ, ಜನಸಂಖ್ಯೆಗೆ ತಕ್ಕಂತೆ ಅಭಿವೃದ್ಧಿ ಬಜೆಟ್ಟಿನ 24.1 ಪರ್ಸೆಂಟ್ ನಮ್ಮ ಪಾಲು. 2023-24ರಲ್ಲಿ ಆ ಪಾಲಿನಿಂದ 11 ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿ ಯೋಜನೆಗಳಿಗೆ ಹೋಯ್ತು. ನಮ್ಮ ಅವ್ವಂದಿರಿಗೂ ಎರಡು ಸಾವಿರ ಬಂತು, ಇಲ್ಲ ಅನ್ನಲ್ಲ. ಆದ್ರೆ ಎಲ್ಲ ಜಾತಿಯವರಿಗೂ ಕೊಡೋದನ್ನ ನಮ್ಮ ಮೀಸಲು ಹಣದ ಲೆಕ್ಕಕ್ಕೆ ಯಾಕೆ ಬರೀಬೇಕು?

2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಪ್ರಕಾರ ಹಳ್ಳಿಗಳಲ್ಲಿ ನೂರಕ್ಕೆ 4.4 ಮನೆಯಲ್ಲಿ ಮಾತ್ರ ಕಂಪ್ಯೂಟರ್ ಇತ್ತು. ಎರಡು ವರ್ಷದಲ್ಲಿ ಕೊರೋನಾ ಬಂತು, ಕ್ಲಾಸೆಲ್ಲ ಆನ್‌ಲೈನ್ ಅಂದ್ರು. ಆಗ ಏನಾಯ್ತು ಅಂತ ನಿಮಗೆಲ್ಲ ಗೊತ್ತು, ನಾನು ಹೇಳಬೇಕಿಲ್ಲ.

ಮೊನ್ನೆ ಶನಿವಾರ ಆ ತಂಗೀನ ಕರ್ಕೊಂಡು ಎಸ್.ಪಿ. ರಸ್ತೆಗೆ ಹೋದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬೆಂಬಲ ನಿಲ್ತು. ಹಳೇ ಪ್ರೊಸೆಸರ್ ಇರೋ ಮಷೀನುಗಳಿಗೆ 11 ಅಧಿಕೃತವಾಗಿ ಹಾಕೋಕೆ ಬರಲ್ಲ. ಅದಕ್ಕೇ ಕಂಪನಿಗಳು ಗಟ್ಟಿಮುಟ್ಟಾದ ಮಷೀನುಗಳನ್ನೇ ಹೊರಗೆ ಹಾಕ್ತಿವೆ. ನಾಲ್ಕು ಅಂಗಡಿ ಸುತ್ತಿ ಆರನೇ ತಲೆಮಾರಿನ ಐ5, 8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ ಇರೋದನ್ನ 14,500ಕ್ಕೆ ತಗೊಂಡ್ವಿ. ಉಬುಂಟು ಹಾಕಿಸಿದೆ, ಪುಕ್ಕಟೆ. ಅವಳ ಲೆಕ್ಕದ ಸಾಫ್ಟ್‌ವೇರ್ ಅದರಲ್ಲಿ ಚೆನ್ನಾಗೇ ಓಡ್ತಿದೆ. ನೀವೂ ಕೊಳ್ಳೋದಾದ್ರೆ ಚಾರ್ಜರ್ ಕಿತ್ತು ಅರ್ಧ ಗಂಟೆ ಅಲ್ಲೇ ನಡೆಸಿ ನೋಡಿ, ಕೀಬೋರ್ಡಿನ ಒಂದೊಂದು ಕೀನೂ ಒತ್ತಿ ನೋಡಿ, ಬಿಲ್ ಬರೆಸ್ಕೊಳ್ಳದೆ ಬರಬೇಡಿ.

ಮುಚ್ಚಳದ ಮೇಲೆ ಯಾವುದೋ ಕಂಪನಿಯ ನಂಬರ್ ಸ್ಟಿಕ್ಕರ್ ಹಾಗೇ ಇತ್ತು. ಬಸ್ಸಲ್ಲಿ ಕೂತು ದಾರಿಯುದ್ದಕ್ಕೂ ಅದನ್ನ ಉಗುರಲ್ಲಿ ಕೆರೀತಾನೇ ಇದ್ಲು.

ಒಂದು ಕೆಲಸ ಮಾಡಿ. ನಿಮ್ಮ ಕಾಲೇಜಲ್ಲಿ ಎಸ್‌ಸಿ, ಎಸ್‌ಟಿ ಮಕ್ಕಳಿಗೆ ಲ್ಯಾಪ್‌ಟಾಪ್ ಕೊನೇ ಸಲ ಬಂದದ್ದು ಯಾವ ವರ್ಷ, ಎಷ್ಟು ಜನಕ್ಕೆ ಸಿಕ್ತು ಅಂತ ಕೆಳಗೆ ಬರೀರಿ. ಹೆಸರು ಬೇಡ, ತಾಲ್ಲೂಕು ಸಾಕು. ಮುಂದಿನ ತಿಂಗಳು ಆರ್‌ಟಿಐ ಹಾಕೋಕೆ ಕೂರ್ತಿದ್ದೀವಿ.