ಪಿಯಾನೋ ವಾದನದಲ್ಲಿ ಮುಖಭಾವ ಹಾಗೂ ಅಂಗಚಲನೆ: ಒಂದು ಚಾರಿತ್ರಿಕ ಅವಲೋಕನ

ಪಿಯಾನೋ ವಾದಕರ ಮುಖವಿಕಾರಗಳನ್ನು ಕುರಿತ ಆಕ್ಷೇಪ ಪಿಯಾನೋ ಕಛೇರಿಗಿಂತಲೂ ಹಳೆಯದು. ಫ್ರಾನ್ಸಿನ ಫ್ರಾಂಸ್ವಾ ಕೂಪರಾಂ 1716ರಲ್ಲಿ ಪ್ರಕಟಿಸಿದ ಹಾರ್ಪ್ಸಿಕಾರ್ಡ್ ಕೈಪಿಡಿಯಲ್ಲಿ, ಮುಖ ಸೊಟ್ಟಗೆ ಮಾಡುವ ಅಭ್ಯಾಸವುಳ್ಳವರು ವಾದ್ಯದ ಮೇಲೆ ಕನ್ನಡಿಯನ್ನಿಟ್ಟು ತಿದ್ದಿಕೊಳ್ಳಬಹುದೆಂದು ಸೂಚಿಸಿದ್ದಾನೆ. 1777ರ ಅಕ್ಟೋಬರಿನಲ್ಲಿ ಆಗ್ಸ್‌ಬರ್ಗ್‌ನಿಂದ ತಂದೆಗೆ ಬರೆದ ಪತ್ರದಲ್ಲಿ ಮೊಜಾರ್ಟ್, ಪಿಯಾನೋ ತಯಾರಕ ಸ್ಟೈನನ ಎಂಟು ವರ್ಷದ ಮಗಳು ಕಣ್ಣು ಹೊರಳಿಸುತ್ತ ನುಡಿಸುವುದನ್ನು ಗೇಲಿ ಮಾಡುತ್ತಾನೆ. (ಆ ಬಾಲಕಿಯೇ ಮುಂದೆ ವಿಯೆನ್ನಾದಲ್ಲಿ ಹೆಸರಾಂತ ಪಿಯಾನೋ ತಯಾರಕಿಯಾದ ನನೆಟ್ ಸ್ಟ್ರೈಕರ್.) ನಮ್ಮ ಸಂಗೀತಶಾಸ್ತ್ರಕ್ಕೂ ಈ ಚಿಂತೆ ಅಪರಿಚಿತವಲ್ಲ, ಹದಿಮೂರನೆಯ ಶತಮಾನದ ಶಾರ್ಙ್ಗದೇವನು ಕಣ್ಣು ಮುಚ್ಚಿ ಹಾಡುವುದನ್ನೂ ಕೊರಳು ಕೊಂಕಿಸುವುದನ್ನೂ ಗಾಯಕದೋಷಗಳಲ್ಲಿ ಎಣಿಸಿದ್ದಾನೆ.

ಇದಕ್ಕೆ ಪ್ರತಿಯಾದ ಮತವೂ ಅಷ್ಟೇ ಗಟ್ಟಿಯಾಗಿತ್ತು. ಸಿ. ಪಿ. ಇ. ಬಾಖ್ ತನ್ನ 1753ರ ಗ್ರಂಥದಲ್ಲಿ, ವಾದಕನು ತಾನೇ ಭಾವಕ್ಕೊಳಗಾಗದೆ ಶ್ರೋತೃವನ್ನು ಕಲಕಲಾರನೆಂದು ವಾದಿಸುತ್ತಾನೆ. ವಿಕಾರಚೇಷ್ಟೆಗಳನ್ನು ಅವನು ಒಪ್ಪುವುದಿಲ್ಲ. ಆದರೆ ಆಯಾ ಭಾವಕ್ಕೆ ಒಪ್ಪುವ ಮುಖಚರ್ಯೆ ಕೇಳುಗನಿಗೆ ಅರ್ಥವನ್ನು ದಾಟಿಸಲು ನೆರವಾಗುತ್ತದೆಂಬುದು ಅವನ ನಿಲುವು. 1772ರಲ್ಲಿ ಹ್ಯಾಂಬರ್ಗ್‌ನಲ್ಲಿ ಅವನನ್ನು ಕಂಡ ಚಾರ್ಲ್ಸ್ ಬರ್ನಿ, ಕಣ್ಣು ನೆಟ್ಟು, ಕೆಳದುಟಿ ಜೋತುಬಿದ್ದು, ಮೈಮರೆತು ನುಡಿಸುತ್ತಿದ್ದ ಚಿತ್ರವನ್ನು ದಾಖಲಿಸಿದ್ದಾನೆ. ಸಿದ್ಧಾಂತ ಹೇಳಿದವನ ಮುಖವೇ ಅಷ್ಟೇನೂ ಅಂಕೆಯಲ್ಲಿರಲಿಲ್ಲ!

ಹತ್ತೊಂಬತ್ತನೆಯ ಶತಮಾನದಲ್ಲಿ ಸಭಾಂಗಣ ಹಿಗ್ಗಿದಂತೆ ಈ ಪ್ರಶ್ನೆಯ ಸ್ವರೂಪವೂ ಬದಲಾಯಿತು. ಫ್ರಾಂಜ್ ಲಿಸ್ಟ್ 1840ರಲ್ಲಿ ಲಂಡನ್ನಿನಲ್ಲಿ ಏಕವ್ಯಕ್ತಿ ವಾದನಕ್ಕೆ ‘ರಿಸೈಟಲ್’ ಎಂಬ ಹೆಸರನ್ನು ಬಳಕೆಗೆ ತಂದನು. ಎದುರಿಗೆ ಸ್ವರಲಿಪಿಯ ಹಾಳೆಯಿಲ್ಲದೆ ನುಡಿಸುವ ಅವನ ರೂಢಿಯಿಂದ ಸಭಿಕರ ಕಣ್ಣಿಗೆ ವಾದಕನ ಮೈಯೇ ಪುಟವಾಯಿತು. ಲಿಸ್ಟ್ ತೆರೆಯ ಮರೆಯಲ್ಲಿ ನುಡಿಸಿದರೆ ಕಾವ್ಯದ ಬಹುಪಾಲು ನಷ್ಟವಾದೀತೆಂಬ ಅಭಿಪ್ರಾಯವನ್ನು ಅದೇ ವರ್ಷ ವ್ಯಕ್ತಪಡಿಸಿದವನು ಕಠಿಣ ವಿಮರ್ಶಕನೇ ಆಗಿದ್ದ ರಾಬರ್ಟ್ ಶೂಮನ್ ಎಂಬುದು ಗಮನಾರ್ಹ.

ವಾದ್ಯದ ರಚನೆಯನ್ನು ಮುಂದಿಟ್ಟು ಇದನ್ನೆಲ್ಲ ಆಡಂಬರವೆಂದು ತಳ್ಳಿಹಾಕುವವರಿದ್ದಾರೆ. ಪಿಯಾನೋದ ಸುತ್ತಿಗೆ ತಂತಿಗೆ ತಾಗುವ ಮುನ್ನವೇ ಕೀಲಿಯ ಹಿಡಿತದಿಂದ ಬಿಡುಗಡೆಗೊಳ್ಳುತ್ತದೆ. ಪಿಟೀಲಿನಂತೆ ಹುಟ್ಟಿದ ಸ್ವರವನ್ನು ಬೆರಳಿನಿಂದ ಕಂಪಿಸಲಾಗದು. ಹಾಗಾಗಿ ಸ್ವರ ಹೊರಟ ಮೇಲೆ ಎತ್ತಿದ ಕೈಗೆ ಆ ಸ್ವರದ ಮೇಲೆ ಅಧಿಕಾರವಿಲ್ಲ. ಈ ಮಾತು ಬಿಡಿ ಸ್ವರಕ್ಕೆ ಸಲ್ಲುತ್ತದೆ, ಸಂಗೀತಕ್ಕಲ್ಲ. ವಾದಕನು ನುಡಿಸುವುದು ಸ್ವರಪಂಕ್ತಿಯನ್ನು; ಅದರ ಉಸಿರು, ವಿಳಂಬ, ಮುಂದಿನ ಆಘಾತದ ತೂಕ ಇವೆಲ್ಲ ತೋಳು ಹಾಗೂ ಬೆನ್ನಿನ ಚಲನೆಯಲ್ಲೇ ಸಿದ್ಧವಾಗುತ್ತವೆ. ರಾಖ್ಮನಿನಾಫ್‌ನಂತೆ ನಿಶ್ಚಲಮುಖರಾದ ಮಹಾವಾದಕರಿಂದ ತಿಳಿಯುವುದಿಷ್ಟೇ: ಆ ಸಿದ್ಧತೆ ಮುಖದಲ್ಲಿ ಕಾಣಲೇಬೇಕೆಂದಿಲ್ಲ.

ನಾದವನ್ನು ನೋಟದಿಂದ ನಿಜವಾಗಿ ಬೇರ್ಪಡಿಸಿದ್ದು ಗ್ರಾಮಫೋನು. ಗ್ಲೆನ್ ಗೌಲ್ಡ್ 1964ರಲ್ಲಿ ಕಛೇರಿ ವೇದಿಕೆಯನ್ನು ತೊರೆದು ಧ್ವನಿಮುದ್ರಣಕ್ಕೇ ನಿಂತರೂ ಅವನ ಗುನುಗು ಮುದ್ರಿಕೆಗಳಲ್ಲಿ ಉಳಿದುಬಂದಿದೆ. ಇತ್ತ 2013ರಲ್ಲಿ ಪ್ರಕಟವಾದ ಚಿಯಾ-ಜುಂಗ್ ತ್ಸಾಯ್ ಅವರ ಅಧ್ಯಯನದಲ್ಲಿ, ಸ್ಪರ್ಧೆಗಳ ವಿಜೇತರನ್ನು ಗುರುತಿಸುವಾಗ ಬರಿಯ ಧ್ವನಿ ಕೇಳಿದವರಿಗಿಂತ ಮೂಕಚಿತ್ರ ಕಂಡವರೇ ಹೆಚ್ಚು ಯಶಸ್ವಿಯಾದರು. ತಜ್ಞರೂ ಇದಕ್ಕೆ ಹೊರತಾಗಲಿಲ್ಲ. ಕಣ್ಣು ಕಿವಿಯನ್ನು ಸೋಲಿಸಿತೆಂದು ಇದರಿಂದ ಸಾಧಿಸಹೊರಡುವುದು ಆತುರವೆಂದೇ ನನ್ನ ಭಾವನೆ. ತೀರ್ಪುಗಾರರೂ ನೋಡಿಯೇ ತೀರ್ಪಿತ್ತವರಷ್ಟೆ.

ಕನ್ನಡನಾಡಿನ ಸಂಶೋಧಕರಿಗೆ ಈ ವಿಷಯದಲ್ಲಿ ಹತ್ತಿರದ ಆಕರವೊಂದಿದೆ. ಸ್ವತಃ ಪಿಯಾನೋ ಬಲ್ಲವರಾಗಿದ್ದ ಮೈಸೂರಿನ ಜಯಚಾಮರಾಜ ಒಡೆಯರ ನೆರವಿನಿಂದ, ರಷ್ಯನ್ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್ 1947ರಿಂದ ಲಂಡನ್ನಿನಲ್ಲಿ ತನ್ನ ಮೂರು ಕನ್ಸರ್ಟೋಗಳನ್ನೂ ಇತರ ಕೃತಿಗಳನ್ನೂ ತಾನೇ ನುಡಿಸಿ ಮುದ್ರಿಸಿದನು. ಮೂರನೆಯ ಕನ್ಸರ್ಟೋವನ್ನು ಮಹಾರಾಜರಿಗೇ ಅರ್ಪಿಸಿದನು. ಈ ಮುದ್ರಿಕೆಗಳಲ್ಲಿ ಅವನ ಲಯದ ಎಳೆತ, ಒತ್ತು, ತಡೆಗಳನ್ನು ಸೂಕ್ಷ್ಮವಾಗಿ ಅಳೆಯಬಹುದು. ಅವುಗಳನ್ನು ಹುಟ್ಟಿಸಿದ ಭುಜದ ಬಾಗನ್ನು ಮಾತ್ರ ಕೇಳುಗನೇ ಊಹಿಸಿಕೊಳ್ಳಬೇಕು.