ಮನೋರೋಗ ಶುಶ್ರೂಷೆ: ಹೊಸ ನರ್ಸ್‌ಗಳ ಮುಂದಿರುವ ಮೊದಲ ಆಯ್ಕೆಗಳು

ಮಿರಜ್ ಆಸ್ಪತ್ರೆಗಳ ಊರು. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಇಲ್ಲಿ ಮಿಷನ್ ಆಸ್ಪತ್ರೆ ತೆರೆದರು. 1962ರಲ್ಲಿ ಸರ್ಕಾರಿ ವೈದ್ಯಕೀಯ ಮಹಾವಿದ್ಯಾಲಯ ಬಂದಿತು. ನಮ್ಮ ಕನ್ನಡ ಶಾಲೆಗಳ ಹೆಣ್ಣುಮಕ್ಕಳು, ಈಚೆಗೆ ಗಂಡುಮಕ್ಕಳೂ, ನರ್ಸಿಂಗ್ ಕಲಿಯಲು ಹೋಗುವುದು ಹೊಸತಲ್ಲ. ಆದರೆ ಅವರಲ್ಲೊಬ್ಬರು ಮನೋರೋಗ ವಿಭಾಗದಲ್ಲಿ ಕೆಲಸ ಮಾಡುವೆನೆಂದರೆ ಮನೆಯಲ್ಲಿ ಮೌನ ಕವಿಯುತ್ತದೆ. "ಹುಚ್ಚಾಸ್ಪತ್ರೆಯ ಕೆಲಸವೇ ಸರ್?" ಎಂದು ಪಾಲಕರು ನಮ್ಮನ್ನು ಕೇಳಿದ್ದುಂಟು. ಅಂಥವರಿಗಾಗಿ ಈ ಮಾಹಿತಿ.

ಪ್ರವೇಶಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಮೂರು ವರ್ಷಗಳ ಜಿಎನ್‌ಎಂ ಡಿಪ್ಲೊಮಾಕ್ಕೆ ಇಂಗ್ಲಿಷ್ ಸಹಿತ ಹನ್ನೆರಡನೆಯ ತರಗತಿ ಸಾಕು. ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕು. ಎರಡರಲ್ಲಿಯೂ ಮನೋರೋಗ ಶುಶ್ರೂಷೆ ಕಡ್ಡಾಯ ವಿಷಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಾಯಿತರಾದ ಸಾಮಾನ್ಯ ನರ್ಸಿಂಗ್ ಪದವೀಧರರನ್ನೂ ಡಿಪ್ಲೊಮಾ ಪಡೆದವರನ್ನೂ ಮಾನಸಿಕ ಆರೋಗ್ಯ ನರ್ಸ್ ಎಂದೇ ಗಣಿಸುತ್ತದೆ. ಹೀಗಾಗಿ ಜಿಎನ್‌ಎಂ ಮುಗಿಸಿದವರಿಗೂ ಈ ಬಾಗಿಲು ತೆರೆದಿದೆ.

ಕರ್ನಾಟಕದಲ್ಲಿ ಓದಬಯಸುವ ಜತ್ತ ತಾಲೂಕಿನ ಕುಟುಂಬಗಳು ಒಂದು ಸಂಗತಿಯನ್ನು ಗಮನಿಸಬೇಕು. ಅಲ್ಲಿನ ಸಿಇಟಿ ನಿಯಮಗಳಲ್ಲಿ ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅರ್ಹತೆಯಿದ್ದು, ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲೂಕುಗಳ ಹೆಸರು ಅದರಲ್ಲಿವೆ. ಮಿರಜ್ ತಾಲೂಕಿನ ಹೆಸರಿಲ್ಲ. ಅಲ್ಲಿಯವರು ಹೊರನಾಡು ಕನ್ನಡಿಗರ ನಿಯಮವನ್ನು ನೋಡಬೇಕು. ಎರಡಕ್ಕೂ ಕನ್ನಡ ಭಾಷಾ ಪರೀಕ್ಷೆಯಿದೆ. ನಮ್ಮ ಮಕ್ಕಳಿಗೆ ಅದು ಕಷ್ಟವಾಗಲಾರದು, ಆದರೆ ದಾಖಲೆಗಳನ್ನು ಹೊಂದಿಸುವುದು ಕಷ್ಟ. ಆಯಾ ವರ್ಷದ ಕೈಪಿಡಿಯನ್ನು ಓದಿಯೇ ಅರ್ಜಿ ಹಾಕತಕ್ಕದ್ದು.

ಓದು ಮುಗಿದ ಮೇಲೆ ನೇರವಾಗಿ ಮನೋರೋಗ ವಾರ್ಡಿಗೆ ಹೋಗಬೇಕೆ, ಮೊದಲು ಸಾಮಾನ್ಯ ವಾರ್ಡಿನಲ್ಲಿ ದುಡಿಯಬೇಕೆ? "ಮನೋರೋಗ ವಿಭಾಗಕ್ಕೆ ಹೋದರೆ ಕೈ ಮರೆತುಹೋಗುತ್ತದೆ" ಎಂಬ ಮಾತು ಹಿರಿಯ ನರ್ಸ್‌ಗಳಲ್ಲಿ ಪ್ರಚಲಿತ. ನಾವು ಅದನ್ನು ಪೂರ್ತಿ ಒಪ್ಪುವುದಿಲ್ಲ. ಮನೋರೋಗಿಗೂ ದೇಹವಿದೆ. ಕುಡಿತ ನಿಲ್ಲಿಸಿದ ಎರಡು ಮೂರು ದಿನಗಳಲ್ಲಿ ಕೈನಡುಕ, ಜ್ವರ, ಭ್ರಮೆ ಸೇರಿ ಸನ್ನಿ ಉಂಟಾಗಬಹುದು. ಅದು ಪ್ರಾಣಾಪಾಯದ ಸ್ಥಿತಿ. ಲಿಥಿಯಂ ಸೇವಿಸುವ ರೋಗಿಯ ದೇಹದಲ್ಲಿ ನೀರು ಕಡಿಮೆಯಾದರೆ ಔಷಧಿ ರಕ್ತದಲ್ಲಿ ವಿಷಮಟ್ಟಕ್ಕೇರುತ್ತದೆ. ಜತ್ತದಂಥ ಬರದ ಸೀಮೆಯ ಬೇಸಿಗೆಯಲ್ಲಿ ವಾಂತಿ, ಭೇದಿ, ತೂರಾಟ ಕಂಡಾಗ ಇದನ್ನು ನೆನೆಯುವ ನರ್ಸ್ ಬೇಕು. ಕ್ಲೋಜಪಿನ್ ಸೇವಿಸುವವರಿಗೆ ಗಂಟಲು ನೋವು, ಜ್ವರ ಬಂದರೆ ಬಿಳಿ ರಕ್ತಕಣಗಳ ಪರೀಕ್ಷೆ ತಡವಾಗಬಾರದು. ಈ ಕಣ್ಣು ಸಾಮಾನ್ಯ ವಾರ್ಡಿನ ಒಂದು ವರ್ಷದಲ್ಲಿ ಬೇಗ ತೆರೆಯುತ್ತದೆ. ಮುಂದೆ ಒಂದು ವರ್ಷದ ಮನೋರೋಗ ಶುಶ್ರೂಷೆ ಡಿಪ್ಲೊಮಾಕ್ಕಾಗಲಿ, ಬಿ.ಎಸ್ಸಿ. ನಂತರದ ಎಂ.ಎಸ್ಸಿ.ಗಾಗಲಿ ಸೇವಾನುಭವವನ್ನು ಕೇಳುತ್ತಾರೆ. ಮನಸ್ಸು ಗಟ್ಟಿಯಿದ್ದು, ಕಲಿಸುವ ಹಿರಿಯರು ಸಿಗುವಂತಿದ್ದರೆ ನೇರವಾಗಿ ಹೋದರೂ ತಪ್ಪಿಲ್ಲ.

ಎಲ್ಲಿಗೆ ಹೋಗುವುದು? ಮಹಾರಾಷ್ಟ್ರದ ಪ್ರಾದೇಶಿಕ ಮನೋರುಗ್ಣಾಲಯಗಳು ಪುಣೆಯ ಯರವಡಾ, ಠಾಣೆ, ನಾಗಪುರ, ರತ್ನಾಗಿರಿಗಳಲ್ಲಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಿಪ್ಲೊಮಾದಿಂದ ಪಿಎಚ್.ಡಿ.ವರೆಗೆ ಅವಕಾಶವಿದೆ. ಮಿರಜ್‌ನಿಂದ ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರವಿರುವುದು ಧಾರವಾಡದ ಡಿಮ್ಹಾನ್ಸ್. ಅಲ್ಲಿನ ರೋಗಿಗಳ ಮಾತು ನಮ್ಮ ಮನೆಯ ಮಾತೇ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಗಳಲ್ಲಿಯೂ ನರ್ಸ್ ಹುದ್ದೆಯಿರುತ್ತದೆ. ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ ಆ ಕಾರ್ಯಕ್ರಮಕ್ಕೆ ಮಾದರಿ.

ಭಾಷೆಯ ವಿಷಯ ಇಲ್ಲಿ ಭಾವುಕತೆಯದಲ್ಲ. ರೋಗಿಗೆ ಅರ್ಥವಾಗುವ ಭಾಷೆಯಲ್ಲಿಯೇ ಮಾಹಿತಿ ನೀಡಬೇಕೆಂದು ಅದೇ ಕಾಯಿದೆ ಹೇಳುತ್ತದೆ. ಮುರಿದ ಕೈಯನ್ನು ಎಕ್ಸ್‌ರೇ ತೋರಿಸುತ್ತದೆ. ಕಿವಿಯಲ್ಲಿ ಕೇಳುವ ದನಿಯನ್ನು ರೋಗಿಯೇ ಹೇಳಬೇಕು. "ಎದಿ ಹೊಡಕೋತೈತಿ, ಜೀವಾ ಬ್ಯಾಡಾಗೇತಿ" ಎಂದು ಜತ್ತದ ತಾಯಿಯೊಬ್ಬಳು ಹೇಳಿದಾಗ ಆ ಎರಡನೆಯ ಮಾತಿನ ಅಪಾಯವನ್ನು ತಕ್ಷಣ ಹಿಡಿಯುವ, ಅದನ್ನು ಮರಾಠಿ ವೈದ್ಯರಿಗೆ ಅಂದೇ ತಿಳಿಸುವ ನರ್ಸ್ ನಮ್ಮ ಶಾಲೆಗಳಿಂದಲೇ ಬರಬೇಕಷ್ಟೆ.

ಕೆಲಸ ಒಪ್ಪುವ ಮುನ್ನ ಕೇಳಬೇಕಾದುದು ಸಂಬಳವೊಂದನ್ನೇ ಅಲ್ಲ. ರಾತ್ರಿ ಪಾಳಿಯಲ್ಲಿ ಎಷ್ಟು ರೋಗಿಗಳಿಗೆ ಎಷ್ಟು ನರ್ಸ್‌ಗಳು? ಹೊಸಬರನ್ನು ಒಂಟಿಯಾಗಿ ಬಿಡುತ್ತಾರೆಯೆ? ರೋಗಿ ಉದ್ರಿಕ್ತನಾದಾಗ ಅನುಸರಿಸುವ ಕ್ರಮದ ತರಬೇತಿ ಕೊಡುತ್ತಾರೆಯೆ? ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ಕಾಯಿದೆ ನಿಷೇಧಿಸಿದೆ. ಅಂಥದ್ದು ಕಂಡ ಜಾಗದಲ್ಲಿ ಹೊಸ ನರ್ಸ್ ಒಂದು ದಿನವೂ ನಿಲ್ಲಬಾರದೆಂಬುದು ನಮ್ಮ ಖಚಿತ ಅಭಿಪ್ರಾಯ. ಮಹಾರಾಷ್ಟ್ರದಲ್ಲಿ ನೋಂದಾಯಿತರಾದವರು ಕರ್ನಾಟಕದಲ್ಲಿ ಕೆಲಸಕ್ಕೆ ಸೇರುವಾಗ ಅಲ್ಲಿನ ನರ್ಸಿಂಗ್ ಪರಿಷತ್ತಿನಲ್ಲಿಯೂ ನೋಂದಣಿ ಮಾಡಿಸಬೇಕು. ಅದಕ್ಕೆ ಸಮಯ ಹಿಡಿಯುವುದರಿಂದ ನೇಮಕಾತಿ ಪತ್ರಕ್ಕೆ ಕಾಯದೆ ಅರ್ಜಿ ಕೊಡುವುದು ಲೇಸು.